ವಿಚಿತ್ರ ಹೆಸರಿನ ಅಪರೂಪದ ಕಾಯಿಲೆಗಳು: ನೀವು ಕಂಡಿದ್ದು, ಕೇಳಿದ್ದು ಬರೆಯಿರಿ

ಜಗಳೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಚಿತ್ರದುರ್ಗ ಕಡೆಯವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಯಾರೂ ಹೆಸರೇ ಕೇಳಿರದ ಕಾಯಿಲೆ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಿಗಾದರೂ ಬಂದಿದೆಯಾ? ಅದರ ಸರಿಯಾದ ವೈದ್ಯಕೀಯ ಹೆಸರೇನು? ಮೊದಲು ಏನು ಕಾಣಿಸಿತು?

ಕೇಳುವುದಕ್ಕೆ ಕಾರಣ ನನ್ನ ತಮ್ಮನ ಮಗ. ಒಂಬತ್ತನೇ ಕ್ಲಾಸು. ದುಂಡನೆಯ ಅಕ್ಷರ ಬರೆಯುತ್ತಿದ್ದ ಹುಡುಗ. ಬರಬರುತ್ತಾ ಅಕ್ಷರ ಗೀಚಿದ ಹಾಗೆ ಆಯಿತು, ಮಾತು ತೊದಲಿತು, ಬಾಯಿಂದ ಜೊಲ್ಲು, ಸುಮ್ನೆ ಸುಮ್ನೆ ಸಿಟ್ಟು. ಶಾಲೆಯಲ್ಲಿ ಸೋಮಾರಿ ಅಂದರು. ಮನೆಯಲ್ಲಿ ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದರು. ಅದಕ್ಕೂ ಮುಂಚೆ ಅವನಿಗೆ ಕಾಮಾಲೆ ಆಗಿತ್ತು, ನಾಟಿ ಔಷಧಿ ಕೊಡಿಸಿದ್ದರು. ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲಿಲ್ಲ. ಒಬ್ಬ ಡಾಕ್ಟರು ನರದ ತೊಂದರೆ ಅಂದರೆ ಇನ್ನೊಬ್ಬರು ಮನಸ್ಸಿನ ತೊಂದರೆ ಅಂದರು. ಕೊನೆಗೆ ಕಂಡುಹಿಡಿದವರು ಕಣ್ಣಿನ ಡಾಕ್ಟರು. ಗಲ್ಲ ಊರಿ ಕೂರಿಸುವ ಮಷೀನಿನಲ್ಲಿ ನೋಡಿ, ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಬಳೆ ಕಾಣುತ್ತಿದೆ ಅಂದರು. ಆ ಬಳೆಗೂ ಒಂದು ಹೆಸರಿದೆ, ಕೈಸರ್-ಫ್ಲೈಷರ್ ರಿಂಗ್. ಕಾಯಿಲೆಯ ಹೆಸರು ವಿಲ್ಸನ್ ಕಾಯಿಲೆ.

ಈಗ ಮಾತ್ರೆ ಶುರುವಾಗಿದೆ. ಅವನ ತಂಗಿಗೂ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ನನ್ನ ತಮ್ಮ ಒಪ್ಪುತ್ತಿಲ್ಲ. "ಚೆನ್ನಾಗಿ ಆಡಿಕೊಂಡಿರುವ ಹುಡುಗಿಗೆ ಯಾಕೆ ಸೂಜಿ ಚುಚ್ಚಿಸಬೇಕು" ಅನ್ನುತ್ತಾನೆ. ನೀವು ಏನು ಹೇಳುತ್ತೀರಿ? ನಿಮ್ಮ ಅನುಭವಗಳನ್ನೂ ಬರೆಯಿರಿ. ಓದಿ ಒಂದು ಮನೆಯವರಿಗಾದರೂ ಬೇಗ ಗೊತ್ತಾಗಲಿ.

ಲ್ಯಾಬ್ ಕಿಟಕಿ

ಅಕ್ಕಾ, ಆ ಹುಡುಗಿಗೆ ಖಂಡಿತ ಪರೀಕ್ಷೆ ಮಾಡಿಸಿ. ದಾವಣಗೆರೆಯಲ್ಲಿ ಲ್ಯಾಬ್‌ನಲ್ಲಿ ಕೆಲಸ ಮಾಡುವವನು ನಾನು, ಗೊತ್ತಿರುವುದನ್ನು ಹೇಳುತ್ತೇನೆ.

ನಾವು ಉಣ್ಣುವ ಊಟದಲ್ಲಿ ಸ್ವಲ್ಪ ತಾಮ್ರ ಇದ್ದೇ ಇರುತ್ತದೆ. ಬೇಕಾದಷ್ಟು ಇಟ್ಟುಕೊಂಡು ಉಳಿದಿದ್ದನ್ನು ಲಿವರ್ ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಎಟಿಪಿ7ಬಿ ಅನ್ನುವ ಜೀನ್ ಕೆಟ್ಟಿದ್ದರೆ ಈ ಕೆಲಸ ನಡೆಯುವುದಿಲ್ಲ. ತಾಮ್ರ ಮೊದಲು ಲಿವರ್‌ನಲ್ಲಿ, ಆಮೇಲೆ ಮೆದುಳಿನಲ್ಲಿ, ಕಣ್ಣಿನಲ್ಲಿ ಸೇರಿಕೊಳ್ಳುತ್ತದೆ. ನಿಮ್ಮ ಹುಡುಗನಿಗೆ ಮೊದಲು ಕಾಮಾಲೆ, ಆಮೇಲೆ ಅಕ್ಷರ ಕೆಟ್ಟಿದ್ದು ಇದೇ ದಾರಿಯಲ್ಲಿ. 1912ರಲ್ಲಿ ಕಿನ್ನಿಯರ್ ವಿಲ್ಸನ್ ಅನ್ನುವ ನರರೋಗ ತಜ್ಞರು ಇದನ್ನು ವಿವರವಾಗಿ ಬರೆದರು. ಅವರ ಹೆಸರೇ ಕಾಯಿಲೆಗೆ ಬಂತು.

ಅಪ್ಪ, ಅಮ್ಮ ಇಬ್ಬರ ಹತ್ತಿರವೂ ಕೆಟ್ಟ ಜೀನ್‌ನ ಒಂದೊಂದು ಪ್ರತಿ ಇರುತ್ತದೆ. ಅವರಿಗೆ ಏನೂ ಆಗಿರುವುದಿಲ್ಲ. ಮಗುವಿಗೆ ಎರಡೂ ಪ್ರತಿ ಕೆಟ್ಟಿದ್ದೇ ಬಂದರೆ ಕಾಯಿಲೆ. ಒಡಹುಟ್ಟಿದವರಿಗೆ ನೂರಕ್ಕೆ 25ರಷ್ಟು ಸಾಧ್ಯತೆ. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಅನ್ನುವ ಪ್ರೋಟೀನು ಕಡಿಮೆ ಇದೆಯಾ, 24 ಗಂಟೆ ಹಿಡಿದಿಟ್ಟ ಮೂತ್ರದಲ್ಲಿ ತಾಮ್ರ ಜಾಸ್ತಿ ಇದೆಯಾ, ಇವೆರಡನ್ನು ನೋಡುತ್ತಾರೆ. ಸೆರುಲೋಪ್ಲಾಸ್ಮಿನ್ ನಾರ್ಮಲ್ ಬಂದರೆ ನಿಶ್ಚಿಂತೆಯಿಂದ ಇರಬಹುದು.

ಪಿಜಿ ಹಾಸ್ಟೆಲ್

ಕೊನೆಯ ಸಾಲು ಸರಿ ಇಲ್ಲ ಅಣ್ಣ. ವಿಲ್ಸನ್ ಇದ್ದವರಲ್ಲೂ ಕೆಲವರಿಗೆ ಸೆರುಲೋಪ್ಲಾಸ್ಮಿನ್ ನಾರ್ಮಲ್ ಬರುತ್ತದೆ. ದೇಹದಲ್ಲಿ ಎಲ್ಲಾದರೂ ಸೋಂಕು, ಉರಿಯೂತ ಇದ್ದರೆ ಅದು ಏರಿಬಿಡುತ್ತದೆ. ಅದೊಂದನ್ನೇ ನೋಡಿ ಬಿಡಬಾರದು. ಕಣ್ಣು, ಮೂತ್ರ, ಲಿವರ್ ಪರೀಕ್ಷೆ ಎಲ್ಲ ಸೇರಿಸಿ ನೋಡಬೇಕು. ಆ ಹುಡುಗನ ಜೀನ್‌ನಲ್ಲಿ ಎಲ್ಲಿ ತಪ್ಪಿದೆ ಅಂತ ಗೊತ್ತಾದರೆ ತಂಗಿಗೆ ಅದೊಂದು ಜಾಗ ನೋಡಿದರೆ ಸಾಕು, ಉತ್ತರ ನಿಖರವಾಗಿ ಸಿಗುತ್ತದೆ.

ಅಕ್ಕಾ, ನಿಮ್ಮ ತಮ್ಮನಿಗೆ ಹೀಗೆ ಹೇಳಿ: ಅಪರೂಪದ ಜೀನ್ ಕಾಯಿಲೆಗಳಲ್ಲಿ ಮಾತ್ರೆಯಿಂದ ಹತೋಟಿಗೆ ಬರುವುದು ಬೆರಳೆಣಿಕೆಯಷ್ಟು, ಅದರಲ್ಲಿ ಇದೂ ಒಂದು. ಪೆನಿಸಿಲಮೈನ್, ಟ್ರೈಎಂಟಿನ್ ತಾಮ್ರವನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಜಿಂಕ್ ಮಾತ್ರೆ ಕರುಳಿನಲ್ಲಿ ತಾಮ್ರ ಒಳಗೆ ಹೋಗದಂತೆ ತಡೆಯುತ್ತದೆ. ಲಕ್ಷಣ ಬರುವ ಮೊದಲೇ ಶುರು ಮಾಡಿದರೆ ಆ ಹುಡುಗಿ ಎಲ್ಲರ ಹಾಗೆ ಓದಿ, ಕೆಲಸ ಮಾಡಿ ಬದುಕಬಹುದು. ಆದರೆ ಜೀವನಪೂರ್ತಿ ತಗೊಳ್ಳಬೇಕು. ಚೆನ್ನಾಗಾದೆ ಅಂತ ನಿಲ್ಲಿಸಿದವರಿಗೆ ಲಿವರ್ ಪೂರ್ತಿ ಕೈಕೊಟ್ಟ ಉದಾಹರಣೆಗಳಿವೆ.

ಚಳ್ಳಕೆರೆ ಶೇಂಗಾ

ತಾಮ್ರದ ಚೊಂಬಿನಲ್ಲಿ ನೀರು ಕುಡಿದಿದ್ದಕ್ಕೇ ಬಂತಾ ಹಾಗಾದರೆ? ನಮ್ಮ ಮನೆಯಲ್ಲಿ ದಿನಾ ಅದೇ ನೀರು.

ಪಿಜಿ ಹಾಸ್ಟೆಲ್

ಇಲ್ಲ ಸಾರ್. ಚೊಂಬಿನಿಂದ ಈ ಕಾಯಿಲೆ ಬರುವುದಿಲ್ಲ, ಹುಟ್ಟಿನಿಂದಲೇ ಬಂದಿರುತ್ತದೆ. ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಮಾತ್ರ ಆ ಮನೆಯಲ್ಲಿ ಹುಡುಗನಿಗೆ ತಾಮ್ರದ ಪಾತ್ರೆಯ ನೀರು ಬೇಡ. ಲಿವರ್ ಮಾಂಸ, ಚಾಕೊಲೇಟ್, ಅಣಬೆ, ಗೋಡಂಬಿಯಂಥವೂ ಶುರುವಿನಲ್ಲಿ ಬೇಡ ಅನ್ನುತ್ತಾರೆ.

ಜಗಳೂರಿನ ಅಕ್ಕ

ತುಂಬಾ ಉಪಕಾರ ಆಯಿತಪ್ಪ. ನಮ್ಮ ತವರಲ್ಲಿ ನೀರು ಕಾಯಿಸುವುದೇ ತಾಮ್ರದ ಹಂಡೆಯಲ್ಲಿ, ಕುಡಿಯಲೂ ಅದೇ ಬಿಂದಿಗೆ. ಇದನ್ನು ಯಾರೂ ಹೇಳಿರಲಿಲ್ಲ. ಇವತ್ತೇ ಫೋನ್ ಮಾಡಿ ತೆಗೆಸುತ್ತೇನೆ. ನಿಮ್ಮ ಉತ್ತರವನ್ನು ತಮ್ಮನಿಗೂ ಕಳಿಸಿದ್ದೇನೆ. ಉಳಿದವರು ನಿಮ್ಮ ಕಡೆಯದನ್ನೂ ಬರೆಯಿರಿ.

ಹರಿಹರದ ಮೇಷ್ಟ್ರು

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಕಬಡ್ಡಿ ಬೇಡ, ಓಟ ಬೇಡ, ಆಗಾಗ ಮೊಣಕಾಲು ಊದಿಕೊಂಡು ರಜೆ. ಹಲ್ಲು ಬಿದ್ದಾಗ ರಕ್ತ ನಿಲ್ಲದೆ ಎಲ್ಲರೂ ಗಾಬರಿಯಾದೆವು. ಹಿಮೋಫಿಲಿಯಾ. ಕನ್ನಡದಲ್ಲಿ ಕುಸುಮ ರೋಗ ಅಂತಾರೆ. ಮೊಣಕಾಲು ಊದುತ್ತಿದ್ದದ್ದು ಕೀಲಿನ ಒಳಗೆ ರಕ್ತ ಸೋರಿ. ಹೊರಗೆ ಒಂದು ಗಾಯವೂ ಕಾಣುವುದಿಲ್ಲ, ಅದಕ್ಕೇ ನೆಪ ಹೇಳುತ್ತಾನೆ ಅಂತ ಬಹಳ ಜನ ಬೈಯುತ್ತಾರೆ.

ರಕ್ತ ಹೆಪ್ಪುಗಟ್ಟಲು ಬೇಕಾದ 8ನೇ ಫ್ಯಾಕ್ಟರ್ ಇಲ್ಲದಿದ್ದರೆ ಹಿಮೋಫಿಲಿಯಾ ಎ, 9ನೇದು ಇಲ್ಲದಿದ್ದರೆ ಬಿ. ಎ ಅನ್ನುವುದು ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಬಿ ಇನ್ನೂ ಅಪರೂಪ, ಅದಕ್ಕೆ ಕ್ರಿಸ್ಮಸ್ ಡಿಸೀಸ್ ಅಂತಲೂ ಹೆಸರಿದೆ. ಹಬ್ಬಕ್ಕೂ ಅದಕ್ಕೂ ಸಂಬಂಧ ಇಲ್ಲ. 1952ರಲ್ಲಿ ಯಾವ ಹುಡುಗನಲ್ಲಿ ಅದನ್ನು ಗುರುತಿಸಿದರೋ ಅವನ ಹೆಸರೇ ಸ್ಟೀಫನ್ ಕ್ರಿಸ್ಮಸ್.

ಈ ವಿಷಯದಲ್ಲಿ ನಮ್ಮ ದಾವಣಗೆರೆ ಇಡೀ ರಾಜ್ಯಕ್ಕೆ ದಾರಿ ತೋರಿಸಿದ ಊರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ಇಲ್ಲೇ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ಜೆಜೆಎಂ ಮೆಡಿಕಲ್ ಕಾಲೇಜಿನ ಪೆಥಾಲಜಿ ಪ್ರಾಧ್ಯಾಪಕರು, ಅವರಿಗೂ ಇದೇ ಕಾಯಿಲೆ ಇದೆ. ನೋವು ಉಂಡವರೇ ಮುಂದೆ ನಿಂತು ಕೆಲಸ ಮಾಡಿದ್ದಾರೆ. ನಮ್ಮ ಊರಿನ ಬಗ್ಗೆ ನನಗೆ ಹೆಮ್ಮೆ ಇರುವ ಸಂಗತಿಗಳಲ್ಲಿ ಇದು ಮೊದಲನೆಯದು.

ಬೆಣ್ಣೆದೋಸೆ

ಮೇಷ್ಟ್ರೇ, ಎರಡನೆಯದು ಏನು ಅಂತ ನನಗೆ ಗೊತ್ತು 😊

ಮೆಡಿಕಲ್ ಶಾಪ್, ಹೊಳಲ್ಕೆರೆ

ಕುಸುಮ ರೋಗ ಇರುವ ಮಕ್ಕಳ ಮನೆಯವರಿಗೆ ಒಂದು ಮಾತು. ನೋವು ಅಂತ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೇಳಿ ತಗೊಳ್ಳಬೇಡಿ, ರಕ್ತಸ್ರಾವ ಇನ್ನೂ ಜಾಸ್ತಿ ಆಗುತ್ತದೆ. ಪ್ಯಾರಸಿಟಮಾಲ್ ಸಾಕು. ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಹಾಕುವ ಮೊದಲು ಕಾಯಿಲೆ ಇದೆ ಅಂತ ಹೇಳಿ. ಎಷ್ಟೋ ಜನ ಮುಚ್ಚಿಡುತ್ತಾರೆ, ನಾಚಿಕೆ ಪಡುವಂಥದ್ದು ಇದರಲ್ಲಿ ಏನಿದೆ ಹೇಳಿ?

ಪಿಎಚ್‌ಸಿ ಸಿಸ್ಟರ್

ನನ್ನ ಕಣ್ಣೆದುರು ನಡೆದದ್ದು ಹೇಳುತ್ತೇನೆ. ಮೊಳಕಾಲ್ಮೂರು ಕಡೆ ಡ್ಯೂಟಿ. 25 ದಾಟದ ಹೆಣ್ಣುಮಗಳು, ತಲೆ ಸುತ್ತು ಅಂತ ಬಂದಿದ್ದಳು. ಎಡಗೈಗೆ ಬಿಪಿ ಪಟ್ಟಿ ಕಟ್ಟಿದೆ. ಗಾಳಿ ಬಿಡುತ್ತಾ ಬಂದೆ, ಸ್ಟೆತಾಸ್ಕೋಪ್‌ನಲ್ಲಿ ಶಬ್ದವೇ ಇಲ್ಲ. ಮಷೀನು ಕೆಟ್ಟಿದೆ ಅಂತ ಬೇರೆ ತಂದೆ, ಅದೂ ಹಾಗೇ. ಮಣಿಕಟ್ಟಿನಲ್ಲಿ ಬೆರಳಿಟ್ಟು ಹುಡುಕಿದೆ, ನಾಡಿ ಸಿಗಲಿಲ್ಲ. ಬಲಗೈಯಲ್ಲಿ ನೋಡಿದರೆ ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿದೆ, ಬಿಪಿ ಮೇಲಿದೆ. "ಬಟ್ಟೆ ಒಗೆಯುವಾಗ ಈ ಕೈ ಬೇಗ ಸೋಲುತ್ತದೆ ಸಿಸ್ಟರ್" ಅಂದಳು. ಡಾಕ್ಟರು ನೋಡಿದವರೇ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಟಕಯಾಸು ಆರ್ಟರೈಟಿಸ್. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ, ಒಳದಾರಿ ಕಿರಿದಾಗುತ್ತದೆ. ಮಿಕಿಟೊ ಟಕಯಾಸು ಜಪಾನಿನ ಕಣ್ಣಿನ ವೈದ್ಯರು, 1908ರಲ್ಲಿ ಒಬ್ಬ ಯುವತಿಯ ಕಣ್ಣಿನ ರಕ್ತನಾಳಗಳ ವಿಚಿತ್ರ ಬದಲಾವಣೆಯನ್ನು ವರದಿ ಮಾಡಿದರು. ನಾಡಿ ಇಲ್ಲದ ಕಾಯಿಲೆ ಅಂತಲೂ ಕರೆಯುತ್ತಾರೆ. 40ರ ಒಳಗಿನ ಹೆಂಗಸರಲ್ಲೇ ಜಾಸ್ತಿ. ಇಲ್ಲೂ ಕಣ್ಣಿನ ಡಾಕ್ಟರೇ ನೋಡಿ ಅಕ್ಕ!

ಅದಾದ ಮೇಲೆ ನಾನು ಹೊಸಬರು ಬಂದರೆ ಎರಡೂ ಕೈಯಲ್ಲಿ ಬಿಪಿ ನೋಡುತ್ತೇನೆ. ಕ್ಯೂ ಉದ್ದ ಇದೆ ಅಂತ ಜನ ಗೊಣಗುತ್ತಾರೆ, ಗೊಣಗಲಿ.

ದುರ್ಗದ ಕಲ್ಲು

ಈ ಹೆಸರುಗಳು ನನಗೆ ಒಂದೂ ಇಷ್ಟವಾಗುವುದಿಲ್ಲ. ವಿಲ್ಸನ್, ಟಕಯಾಸು, ಕವಾಸಾಕಿ, ಗಾಷೆ, ಪಾಂಪೆ. ಹೆಸರು ಕೇಳಿದರೆ ಯಾವ ಅಂಗಕ್ಕೆ ಏನಾಗಿದೆ ಅಂತ ತಿಳಿಯಬೇಕಲ್ವಾ? ತಾಮ್ರದ ಕಾಯಿಲೆ ಅಂತ ಹೇಳಿದ್ದರೆ ಅಕ್ಕನ ತವರಿನವರಿಗೆ ಮೊದಲ ದಿನವೇ ಅರ್ಥ ಆಗುತ್ತಿತ್ತು.

ಪಿಜಿ ಹಾಸ್ಟೆಲ್

ವಿಲ್ಸನ್ ಕಾಯಿಲೆಗೆ ಅಂಥ ಹೆಸರೂ ಇದೆ ಸಾರ್, ಹೆಪಾಟೊಲೆಂಟಿಕ್ಯುಲರ್ ಡಿಜೆನರೇಶನ್, ಅಂದರೆ ಲಿವರ್ ಮತ್ತು ಮೆದುಳಿನ ಒಂದು ಭಾಗ ಹಾಳಾಗುವುದು. ಯಾವುದು ಬಾಯಿಗೆ ಬರುತ್ತದೆ ಹೇಳಿ? ಕಂಡುಹಿಡಿದವರ ಹೆಸರು ಚಿಕ್ಕದು, ನೆನಪಿರುತ್ತದೆ.

ಆದರೆ ನಿಮ್ಮ ಮಾತಲ್ಲೂ ನ್ಯಾಯ ಇದೆ. ಹ್ಯಾನ್ಸ್ ರೈಟರ್ ಅನ್ನುವವನ ಹೆಸರಲ್ಲಿ ಒಂದು ಕೀಲುನೋವಿನ ಕಾಯಿಲೆ ಇತ್ತು. ಅವನು ನಾಜಿ ಪಕ್ಷದಲ್ಲಿದ್ದವನು, ಸೆರೆಶಿಬಿರದ ಕೈದಿಗಳ ಮೇಲಿನ ಪ್ರಯೋಗಗಳಲ್ಲಿ ಅವನ ಕೈವಾಡ ಇತ್ತು. ಹಾಗಾಗಿ ಈಗ ರಿಯಾಕ್ಟಿವ್ ಆರ್ಥ್ರೈಟಿಸ್ ಅನ್ನುತ್ತಾರೆ. ಪಾಂಪೆ ಇದಕ್ಕೆ ಪೂರ್ತಿ ವಿರುದ್ಧ. ಆ ಡಚ್ ವೈದ್ಯರು 1932ರಲ್ಲಿ ಕಾಯಿಲೆಯನ್ನು ಗುರುತಿಸಿದರು. ನಾಜಿಗಳ ವಿರುದ್ಧದ ಹೋರಾಟದಲ್ಲಿದ್ದರು ಅಂತ 1945ರಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅಂಥವರ ಹೆಸರು ಉಳಿಯಲಿ ಅಂತ ನನ್ನ ಅಭಿಪ್ರಾಯ.

ಸಾಗರದ ಸೊಸೆ

ಮನುಷ್ಯರ ಹೆಸರಾದರೂ ಪರವಾಗಿಲ್ಲ. ಊರಿನ ಹೆಸರು ಇಟ್ಟರೆ ಏನಾಗುತ್ತದೆ ಅಂತ ನಮ್ಮ ಕಡೆ ಬಂದು ಕೇಳಿ. ನನ್ನ ತವರು ಸಾಗರ ತಾಲ್ಲೂಕು, ಮದುವೆಯಾಗಿ ದಾವಣಗೆರೆಗೆ ಬಂದವಳು. ಹಂದಿಗೋಡು ಅನ್ನುವ ಹಳ್ಳಿ ಇದೆ. 1974-75ರ ಸುಮಾರಿಗೆ ಅಲ್ಲಿ ಜನರ ಸೊಂಟ, ಮಂಡಿಯ ಕೀಲು ಸವೆದು ನಡೆಯಲಾಗದಂತೆ ಆಗುವ ಕಾಯಿಲೆ ಬೆಳಕಿಗೆ ಬಂತು. ಕೆಲವರು ಕುಳ್ಳಗೆ ಉಳಿಯುತ್ತಾರೆ. ಕೂತಲ್ಲಿಂದ ಏಳಲು ಆಗದೆ ತೆವಳುವವರು ಇದ್ದಾರೆ. ಹೆಚ್ಚಾಗಿ ಬಡ ದಲಿತ ಕುಟುಂಬಗಳು, ಕೂಲಿಯೇ ಜೀವನ. ಮೊದಮೊದಲು ಗದ್ದೆಯ ಏಡಿ ತಿಂದಿದ್ದಕ್ಕೆ, ಅದರಲ್ಲಿ ಸೇರಿದ ಕ್ರಿಮಿನಾಶಕಕ್ಕೆ ಹೀಗಾಯಿತು ಅಂದರು. ಆಮೇಲೆ ಸಂಶೋಧನೆಯಲ್ಲಿ ವಂಶದಿಂದ ಬರುವ ಮೂಳೆಯ ಕಾಯಿಲೆ ಅಂತ ತಿಳಿಯಿತು. ಸ್ಪಾಂಡಿಲೊ ಎಪಿಮೆಟಾಫೈಸಿಯಲ್ ಡಿಸ್‌ಪ್ಲೇಸಿಯಾ ಅನ್ನುವ ಗುಂಪಿಗೆ ಸೇರಿಸಿದ್ದಾರೆ. ಬೇರೆ ಹಳ್ಳಿಗಳಲ್ಲೂ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಆದರೆ ಹೆಸರು ಮಾತ್ರ ಹಂದಿಗೋಡು ಸಿಂಡ್ರೋಮ್. ಕಾಯಿಲೆಯೇ ಇಲ್ಲದ ಮನೆಯ ಹುಡುಗಿಗೂ ಊರಿನ ಹೆಸರು ಕೇಳಿ ಗಂಡಿನವರು ವಾಪಸ್ ಹೋದರೆ ಹೇಗನ್ನಿಸುತ್ತದೆ?

ದುರ್ಗದ ಕಲ್ಲು

ಅದೇ ಹೆಸರಿನಿಂದ ಸರ್ಕಾರದ ಕಣ್ಣು ಅಲ್ಲಿ ಬಿತ್ತಲ್ಲ ತಂಗಿ? ಬರೀ ಮೂಳೆ ಕಾಯಿಲೆ ಅಂತಿದ್ದರೆ ಯಾರು ಬರುತ್ತಿದ್ದರು? ಕ್ಯಾಸನೂರು ಕಾಡಿನ ಕಾಯಿಲೆಯೂ ಹಾಗೇ ಅಲ್ವಾ. ಸೊರಬ ತಾಲ್ಲೂಕಿನ ಕಾಡು, 1957. ಇವತ್ತು ವೈರಸ್ ಓದುವವರೆಲ್ಲರಿಗೂ ಆ ಹೆಸರು ಗೊತ್ತು.

ಸಾಗರದ ಸೊಸೆ

ಕಣ್ಣು ಬಿದ್ದಿದ್ದಕ್ಕೆ ಆ ಜನಕ್ಕೆ ಸಿಕ್ಕಿದ್ದೇನು ಅಣ್ಣ? ಕಮಿಟಿಗಳು ಬಂದು ಹೋದವು. ಮಂಗನ ಕಾಯಿಲೆ ಅಂತ ನಾವು ಮನೆಯಲ್ಲಿ ಹೇಳುತ್ತೇವೆ, ಅದು ಉಣುಗು ಕಚ್ಚಿ ಬರುವುದು, ಕಾಡಿಗೆ ಯಾರು ಹೋದರೂ ಬರಬಹುದು. ಅದಕ್ಕೆ ಕಾಡಿನ ಹೆಸರಿದ್ದರೆ ಯಾರ ಮದುವೆಯೂ ಮುರಿಯುವುದಿಲ್ಲ. ವಂಶದಿಂದ ಬರುವ ಕಾಯಿಲೆಗೆ ಒಂದು ಹಳ್ಳಿಯ ಹೆಸರು ಕಟ್ಟುವುದು ಬೇರೆ.

ಹರಿಹರದ ಮೇಷ್ಟ್ರು

ಸೊಸೆಯವರ ಮಾತು ನೂರಕ್ಕೆ ನೂರು ಸರಿ. ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೊಸ ಸೋಂಕು ರೋಗಗಳಿಗೆ ಊರು, ವ್ಯಕ್ತಿ, ಪ್ರಾಣಿಯ ಹೆಸರು ಇಡಬೇಡಿ ಅಂತ ಹೇಳಿತು. 2022ರಲ್ಲಿ ಮಂಕಿಪಾಕ್ಸ್ ಹೋಗಿ ಎಂಪಾಕ್ಸ್ ಆಗಿದ್ದೂ ಹೀಗೇ. ಡೌನ್ ಸಿಂಡ್ರೋಮ್ ಮಕ್ಕಳನ್ನು ಮೊದಲು ಮಂಗೋಲ್ ಅಂತ ಕರೆಯುತ್ತಿದ್ದರು. ಮಂಗೋಲಿಯಾ ದೇಶದವರು ಬೇಸರ ಹೇಳಿದ ಮೇಲೆ 1965ರಲ್ಲಿ ಸಂಸ್ಥೆ ಆ ಪದವನ್ನು ಬಿಟ್ಟಿತು. ಒಂದು ದೇಶ ಹೇಳಿದರೆ ಬದಲಾಗುತ್ತದೆ ಅಂದಮೇಲೆ ಒಂದು ಹಳ್ಳಿ ಹೇಳಿದರೂ ಬದಲಾಗಬೇಕು.

ಚಳ್ಳಕೆರೆ ಶೇಂಗಾ

ನಮ್ಮ ಚಿತ್ರದುರ್ಗ ಜಿಲ್ಲೆಯ ಫ್ಲೋರೋಸಿಸ್ ಅಪರೂಪದ ಕಾಯಿಲೆ ಲೆಕ್ಕಕ್ಕೆ ಬರುತ್ತದಾ? ಹಲ್ಲು ಕಂದು, ಬೆನ್ನು ಬಗ್ಗುವುದಿಲ್ಲ.

ಲ್ಯಾಬ್ ಕಿಟಕಿ

ಬರುವುದಿಲ್ಲ ಅಣ್ಣ, ನಮ್ಮಲ್ಲಿ ಅದು ಅಪರೂಪವೇ ಅಲ್ಲ. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರಬಾರದು. ನಿಮ್ಮ ಊರಿನ ನೀರಿನ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಿರಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರೆಯುವುದು ತುಂಬಾ ಇದೆ.

ಹಿರಿಯೂರಿನ ಅಮ್ಮ

ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಸಾಗರದವರ ಮಾತು ಓದಿ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳುವ ಕಾಯಿಲೆ. ಚಿಕ್ಕವನಿದ್ದಾಗ ಮೀನಖಂಡ ಎರಡೂ ದಪ್ಪಗೆ, ಗಟ್ಟಿಯಾಗಿದ್ದವು. ನೋಡಿದವರೆಲ್ಲ ಪೈಲ್ವಾನ್ ಆಗುತ್ತಾನೆ ಅಂತಿದ್ದರು. ಆದರೆ ಓಡಿದರೆ ಬೀಳುತ್ತಿದ್ದ, ಮೆಟ್ಟಿಲು ಹತ್ತಲು ಕಂಬ ಹಿಡಿಯುತ್ತಿದ್ದ. ನೆಲದಿಂದ ಏಳುವುದನ್ನು ನೀವು ನೋಡಬೇಕಿತ್ತು. ಮೊದಲು ನಾಲ್ಕು ಕಾಲಲ್ಲಿ ನಿಂತ ಹಾಗೆ ಕೈ ಊರುತ್ತಿದ್ದ. ಆಮೇಲೆ ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ತೊಡೆಯ ಮೇಲೆ. ಹೀಗೆ ತನ್ನ ಮೈಯನ್ನೇ ತಾನು ಹತ್ತಿಕೊಂಡು ನೆಟ್ಟಗಾಗುತ್ತಿದ್ದ. ಅದು ಅವನ ಅಭ್ಯಾಸ ಅಂದುಕೊಂಡಿದ್ದೆವು. ಅದಕ್ಕೆ ಗೋವರ್ಸ್ ಸೈನ್ ಅಂತ ಹೆಸರಿದೆ, ಡಾಕ್ಟರು ಅದನ್ನು ನೋಡಿಯೇ ಗುರುತು ಹಿಡಿದರು.

ಅದಕ್ಕಿಂತ ಮುಂಚೆ ಒಂದು ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂತು. ಲಿವರ್ ತೊಂದರೆ ಅಂತ ತುಂಬಾ ದಿನ ಲಿವರ್ ಟಾನಿಕ್ ಕುಡಿಸಿದರು. ಅವು ಸ್ನಾಯುವಿನಿಂದಲೂ ರಕ್ತಕ್ಕೆ ಬರುತ್ತವೆ ಅಂತ ಆಮೇಲೆ ಗೊತ್ತಾಯಿತು. ಸ್ನಾಯು ಹಾಳಾಗುತ್ತಿದೆಯಾ ಅಂತ ತೋರಿಸುವ ಸಿಪಿಕೆ ಅನ್ನುವ ಒಂದು ರಕ್ತ ಪರೀಕ್ಷೆ ಮೊದಲೇ ಮಾಡಿಸಿದ್ದರೆ ಸಾಕಿತ್ತು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಮನೆಯ ಮಾತು. ತಾಯಿ ಕಡೆಯಿಂದ ಬರುತ್ತದೆ ಅಂತ ಡಾಕ್ಟರು ಹೇಳಿದ್ದೇ ತಡ, ನನ್ನ ತವರನ್ನೂ ನನ್ನನ್ನೂ ಹಳಿಯಲು ಶುರು ಮಾಡಿದರು. ಅತ್ತೆ ಈಗಲೂ ಮಾತಾಡಿಸುವುದಿಲ್ಲ.

ಪಿಎಚ್‌ಸಿ ಸಿಸ್ಟರ್

ಅಮ್ಮಾ, ನಿಮ್ಮದು ಒಂದಿಷ್ಟೂ ತಪ್ಪಿಲ್ಲ. ನಿಮ್ಮ ಮನೆಯವರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಪಿಜಿ ಹಾಸ್ಟೆಲ್

ಅಮ್ಮ, ಇದನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ. ಡಿಸ್ಟ್ರೊಫಿನ್ ಅನ್ನುವ ಪ್ರೋಟೀನು ಸ್ನಾಯುವನ್ನು ಕಾಪಾಡುತ್ತದೆ. ಅದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಮನುಷ್ಯರ ಜೀನ್‌ಗಳಲ್ಲೇ ತುಂಬಾ ಉದ್ದದ್ದು. ಉದ್ದ ಇರುವುದಕ್ಕೇ ಅದರಲ್ಲಿ ತಪ್ಪಾಗುವುದೂ ಜಾಸ್ತಿ. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಆ ತಪ್ಪು ಹೊಸದಾಗಿ ಆಗಿರುತ್ತದೆ, ತಾಯಿಯ ರಕ್ತ ಪರೀಕ್ಷೆಯಲ್ಲಿ ಅದು ಇರುವುದೇ ಇಲ್ಲ. ಉಳಿದ ತಾಯಂದಿರಿಗೂ ತಮ್ಮ ಹತ್ತಿರ ಅದು ಇದೆ ಅಂತ ತಿಳಿದಿರುವುದಿಲ್ಲ. ಯಾರೂ ಆರಿಸಿಕೊಂಡು ಕೊಡುವುದಲ್ಲ ಇದು. ನಿಮ್ಮ ಅಕ್ಕತಂಗಿಯರು ಇದ್ದರೆ ಅವರೂ ಮಕ್ಕಳು ಮಾಡಿಕೊಳ್ಳುವ ಮೊದಲು ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು.

ಸ್ಟಿರಾಯ್ಡ್ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ನಡೆಯುವ ವರ್ಷಗಳು ಹೆಚ್ಚುತ್ತವೆ. ಫಿಸಿಯೋಥೆರಪಿ ಬಿಡಬೇಡಿ. ಸ್ಟೆಮ್ ಸೆಲ್ ಹಾಕಿ ಗುಣ ಮಾಡುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರು ಬರುತ್ತಾರೆ, ದಯವಿಟ್ಟು ಕೊಡಬೇಡಿ.

ಹೊನ್ನಾಳಿ ರೈತ

ಇವೆಲ್ಲ ಸಂಬಂಧದಲ್ಲಿ ಮದುವೆ ಮಾಡಿಕೊಳ್ಳುವುದಕ್ಕೇ ಬರುವುದು ಅಂತಾರಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನು ತರುವುದು ತಲೆತಲಾಂತರದಿಂದ ಇದೆ. ನಮ್ಮ ಮನೆಯಲ್ಲೇ ಎಲ್ಲರೂ ಗಟ್ಟಿಯಾಗಿದ್ದೇವೆ.

ಲ್ಯಾಬ್ ಕಿಟಕಿ

ಎಲ್ಲದಕ್ಕೂ ಅಲ್ಲ ಯಜಮಾನರೇ. ಡುಶೆನ್, ಕುಸುಮ ರೋಗ ಇವಕ್ಕೆ ಸಂಬಂಧದ ಮದುವೆ ಕಾರಣ ಅಲ್ಲ. ಹೊರಗಿನಿಂದ ಹೆಣ್ಣು ತಂದರೂ ಬರಬಹುದು. ವಿಲ್ಸನ್, ಗಾಷೆ, ಪಾಂಪೆ ಅಂಥವಕ್ಕೆ ಕೆಟ್ಟ ಜೀನ್ ಎರಡೂ ಕಡೆಯಿಂದ ಬರಬೇಕು. ಅಲ್ಲಿ ಸೋದರ ಸಂಬಂಧದ ಮಾತು ಬರುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನ್‌ಗಳ ಕಾಲು ಭಾಗ ಒಂದೇ ಇರುತ್ತದೆ. ಅತ್ತೆ ಮಗಳು, ಮಾವನ ಮಗನಾದರೆ ಎಂಟನೇ ಒಂದು ಭಾಗ. ಹೊರಗಿನ ಮದುವೆಯಲ್ಲಿ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 2-3 ಮಕ್ಕಳಿಗೆ ಏನಾದರೂ ಹುಟ್ಟು ತೊಂದರೆ ಇರುತ್ತದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ನಿಮ್ಮ ಮನೆಯಲ್ಲಿ ಬಂದಿಲ್ಲ ಅಂದರೆ ಸಂತೋಷ, ಆದರೆ ಪಕ್ಕದ ಮನೆಯ ಲೆಕ್ಕ ಬೇರೆ ಇರಬಹುದು.

ಬೆಣ್ಣೆದೋಸೆ

16 ಕೋಟಿ ಇಂಜೆಕ್ಷನ್ ಅಂತ ಫೋನಿಗೆ ಮೆಸೇಜು ಬರುತ್ತಲ್ಲ, ಅದು ಯಾವ ಕಾಯಿಲೆಗೆ? ನಿಜಾನಾ?

ಪಿಜಿ ಹಾಸ್ಟೆಲ್

ನಿಜ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಎಸ್‌ಎಂಎ ಅಂತಾರೆ, ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಕಾಯಿಲೆ. ಔಷಧಿ ಜೋಲ್ಗೆನ್ಸ್ಮಾ, ಒಂದೇ ಸಲ ಕೊಡುವ ಜೀನ್ ಚಿಕಿತ್ಸೆ. ಅಮೆರಿಕದಲ್ಲಿ 2019ರಲ್ಲಿ 2 ವರ್ಷದ ಒಳಗಿನ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ಅದಕ್ಕೇ ತಂದೆತಾಯಿ ಅಷ್ಟು ಅವಸರ ಮಾಡುವುದು, ದಿನ ಕಳೆದರೆ ನರಕೋಶ ಸಾಯುತ್ತಾ ಹೋಗುತ್ತವೆ. ಹಣ ಹಾಕುವ ಮೊದಲು ಮೆಸೇಜಿನಲ್ಲಿರುವ ಆಸ್ಪತ್ರೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಅಷ್ಟೇ.

ದುರ್ಗದ ಕಲ್ಲು

ಸರ್ಕಾರ ಏನು ಮಾಡುತ್ತಿದೆ? ಒಬ್ಬ ಬಡವನ ಮಗು ಫೋನ್ ಮೆಸೇಜಿನಲ್ಲಿ ಭಿಕ್ಷೆ ಎತ್ತಬೇಕಾ?

ಹರಿಹರದ ಮೇಷ್ಟ್ರು

2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳಿಗೆ ರಾಷ್ಟ್ರೀಯ ನೀತಿ ತಂದಿತು. ಮರುವರ್ಷ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವು ಅಂತ ಮಾಡಿದರು. ಆದರೆ ಅವರು ಗುರುತಿಸಿದ ಕೇಂದ್ರಗಳಲ್ಲೇ ನೋಂದಣಿ ಆಗಬೇಕು. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಆ ಕೇಂದ್ರ.

ದುರ್ಗದವರ ಸಿಟ್ಟು ನನಗೂ ಇದೆ. ಗಾಷೆ, ಪಾಂಪೆಯಂಥ ಕಾಯಿಲೆಯಲ್ಲಿ ದೇಹದಲ್ಲಿ ಕೊರತೆ ಇರುವ ಎಂಜೈಮನ್ನು ಹೊರಗಿನಿಂದ ಜೀವನಪೂರ್ತಿ ಕೊಡಬೇಕು. ಮಗುವಿನ ತೂಕ ನೋಡಿ ಡೋಸು. ಮಗು ಬೆಳೆದಷ್ಟೂ ಖರ್ಚು ಏರುತ್ತದೆ. 50 ಲಕ್ಷ ಮುಗಿದ ಮೇಲೆ ಏನು ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕೊಡಲೇಬೇಕು.

ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯಲ್ಲಿ ಹಿಮೋಫಿಲಿಯಾ, ಥಲಸೇಮಿಯಾ, ಸಿಕಲ್ ಸೆಲ್, ಮಸ್ಕ್ಯುಲರ್ ಡಿಸ್ಟ್ರೊಫಿ ಸೇರಿವೆ. ಹಿರಿಯೂರಿನವರು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದ್ದೀರಾ? ಕಾಯಿಲೆಯ ಸರಿಯಾದ ಹೆಸರು ಕಾಗದದಲ್ಲಿ ಇಲ್ಲದಿದ್ದರೆ ಇವ್ಯಾವುದೂ ಸಿಗುವುದಿಲ್ಲ.

ಹಿರಿಯೂರಿನ ಅಮ್ಮ

ಮಾಡಿಸಿದ್ದೇವೆ ಸರ್. ಪಿಜಿ ಅವರೇ, ನಿಮ್ಮ ಮಾತನ್ನು ನಮ್ಮ ಯಜಮಾನರು ಅತ್ತೆಗೆ ಓದಿ ಹೇಳಿದರು. ಅವರು ಏನೂ ಅನ್ನಲಿಲ್ಲ, ಆದರೆ ಪೂರ್ತಿ ಕೇಳಿಸಿಕೊಂಡರು.

ಮೆಡಿಕಲ್ ಶಾಪ್, ಹೊಳಲ್ಕೆರೆ

ನನ್ನದೂ ಒಂದು. ನಮ್ಮ ಗಿರಾಕಿಯೊಬ್ಬರು ಮಗುವಿನ ಲಂಗೋಟಿ ಬಟ್ಟೆ ತಂದು ತೋರಿಸಿದರು. ಉಚ್ಚೆ ಒಣಗಿದ ಕಡೆ ಕಪ್ಪು ಕಲೆ. ರಕ್ತ ಅಂತ ಹೆದರಿದ್ದರು. ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ, ಆಲ್ಕಾಪ್ಟನ್ಯೂರಿಯಾ ಅಂತ ಗೊತ್ತಾಯಿತು. ಹೋಮೊಜೆಂಟಿಸಿಕ್ ಆಸಿಡ್ ಅನ್ನುವುದು ದೇಹದಲ್ಲಿ ಮುಂದಕ್ಕೆ ಒಡೆಯದೆ ಉಳಿದು ಮೂತ್ರದಲ್ಲಿ ಬರುತ್ತದೆ, ಗಾಳಿ ತಾಗಿದರೆ ಕಪ್ಪಾಗುತ್ತದೆ. 1902ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್ ಅನ್ನುವ ವೈದ್ಯರು ಇದೇ ಕಾಯಿಲೆಯನ್ನು ನೋಡಿ, ವಂಶದಿಂದ ಬರುವ ಕಾಯಿಲೆಗಳ ಲೆಕ್ಕಾಚಾರವನ್ನು ಮೊದಲ ಸಲ ಹಿಡಿದರು. ಚಿಕ್ಕಂದಿನಲ್ಲಿ ಬೇರೆ ತೊಂದರೆ ಇರುವುದಿಲ್ಲ. ದೊಡ್ಡವರಾದ ಮೇಲೆ ಬೆನ್ನು, ಮಂಡಿ ಬೇಗ ಸವೆಯುತ್ತವೆ.

ಹೊನ್ನಾಳಿ ರೈತ

ಹಿರಿಯೂರಿನ ತಾಯಿ ಬರೆದಿದ್ದನ್ನು ಮತ್ತೆ ಮತ್ತೆ ಓದಿದೆ. ನನ್ನ ಮೊಮ್ಮಗನಿಗೆ 5 ವರ್ಷ. ಮೀನಖಂಡ ದಪ್ಪ ಇದೆ, ಬಸ್ಸಿನ ಮೆಟ್ಟಿಲು ಹತ್ತಲು ಎತ್ತಿಕೊಳ್ಳಬೇಕು. ಏಳುವುದು ಸಹ ನೀವು ಹೇಳಿದ ಹಾಗೇ, ತೊಡೆ ಹಿಡಿದುಕೊಂಡು. ಹೊಲದ ಕೆಲಸದಲ್ಲಿ ಗಮನ ಕೊಟ್ಟಿರಲಿಲ್ಲ. ಎಲ್ಲಿಗೆ ಕರೆದುಕೊಂಡು ಹೋಗಲಿ?

ಹಿರಿಯೂರಿನ ಅಮ್ಮ

ಅಪ್ಪಾಜಿ, ಮೊದಲೇ ಹೆದರಬೇಡಿ. ಬೇರೆ ಕಾರಣಕ್ಕೂ ಹೀಗೆ ಆಗಬಹುದು. ಅವನು ನೆಲದಿಂದ ಏಳುವುದನ್ನು ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟುಕೊಳ್ಳಿ. ಡಾಕ್ಟರ ಮುಂದೆ ಮಕ್ಕಳು ಏಳು ಅಂದರೆ ಏಳುವುದಿಲ್ಲ.

ಪಿಜಿ ಹಾಸ್ಟೆಲ್

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬೆಳಗ್ಗೆ ಬನ್ನಿ. ಹಳೆಯ ರಿಪೋರ್ಟು ಏನಿದ್ದರೂ ತನ್ನಿ, ಹರಿದಿದ್ದರೂ ಪರವಾಗಿಲ್ಲ. ಸಿಪಿಕೆ ಪರೀಕ್ಷೆ ಮಾಡಿಸಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ. ಎಸ್‌ಜಿಪಿಟಿ ಜಾಸ್ತಿ ಇದೆ ಅಂತ ಯಾರಾದರೂ ಲಿವರ್ ಟಾನಿಕ್ ಬರೆದಿದ್ದರೆ ಆ ಚೀಟಿಯನ್ನೂ ತೋರಿಸಿ. ಸಿಪಿಕೆ ತುಂಬಾ ಮೇಲಿದ್ದರೆ ಮುಂದೆ ಜೀನ್ ಪರೀಕ್ಷೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ.

ಲ್ಯಾಬ್ ಕಿಟಕಿ

ಸಿಪಿಕೆಗೆ ಖಾಲಿ ಹೊಟ್ಟೆ ಬೇಕಿಲ್ಲ, ಮಗುವಿಗೆ ತಿಂಡಿ ತಿನ್ನಿಸಿಯೇ ಕರೆತನ್ನಿ. ಹಿಂದಿನ ದಿನ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿದ್ದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ಅದನ್ನು ಹೇಳಿ, ಅದರಿಂದಲೂ ಸಿಪಿಕೆ ಸ್ವಲ್ಪ ಏರುತ್ತದೆ.

ಹೊನ್ನಾಳಿ ರೈತ

ಸರಿ. ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇವೆ. ಸೊಸೆಗೂ ಬರಲು ಹೇಳಿದ್ದೇನೆ. ಅವಳನ್ನು ಯಾರೂ ಏನೂ ಅನ್ನದ ಹಾಗೆ ನಾನು ನೋಡಿಕೊಳ್ಳುತ್ತೇನೆ.